ಬಿಪಿ ಇಳಿದರೆ ಮಿದುಳಿಗೆ ರಕ್ತ ಏರುವುದೇ?

ಪ್ರಶ್ನೆ: ನನಗೆ 63 ವರ್ಷ, ಬ್ಯಾಂಕ್ ಕೆಲಸದಿಂದ ನಿವೃತ್ತ, ಹನುಮಂತನಗರದಲ್ಲಿ ವಾಸ. ಕಳೆದ ವರ್ಷ ಬಿಪಿ 168/100 ಇತ್ತು. ಡಾಕ್ಟರು ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5 ಬರೆದುಕೊಟ್ಟರು. ಈಗ 128/78ರ ಆಸುಪಾಸಿನಲ್ಲಿದೆ. ಆದರೆ ಸಂಜೆಯಾಗುತ್ತಲೇ ಪಾದ ಊದಿಕೊಳ್ಳುತ್ತದೆ, ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಒಮ್ಮೊಮ್ಮೆ ಕಣ್ಣು ಕತ್ತಲಿಡುತ್ತದೆ. ಮನೆಯ ಓವರ್‌ಹೆಡ್ ಟ್ಯಾಂಕಿನಲ್ಲಿ ಪ್ರೆಶರ್ ಕಡಿಮೆಯಾದರೆ ಮೇಲಿನ ಮಹಡಿಯ ನಲ್ಲಿಗೆ ನೀರೇ ಬರುವುದಿಲ್ಲ. ಹಾಗೆಯೇ ಬಿಪಿ ಇಳಿಸಿದರೆ ತಲೆಗೆ, ಕಿಡ್ನಿಗೆ ರಕ್ತ ಕಡಿಮೆಯಾಗುವುದಿಲ್ಲವೇ? ಈ ಮಾತ್ರೆಗಳು ರಕ್ತವನ್ನು ತೆಳ್ಳಗೆ ಮಾಡುತ್ತವೆ, ಕಿಡ್ನಿ ಹಾಳು ಮಾಡುತ್ತವೆ, ಒಮ್ಮೆ ಶುರು ಮಾಡಿದರೆ ಬಿಡುವಂತಿಲ್ಲ, ಸರ್ಪಗಂಧ ತೆಗೆದುಕೊಂಡರೆ ಸಾಕು ಎಂದು ಪಾರ್ಕಿನ ಗೆಳೆಯರು ಹೇಳುತ್ತಾರೆ. ರಕ್ತನಾಳದಲ್ಲಿ ಈಗಾಗಲೇ ಬ್ಲಾಕ್ ಇದ್ದರೆ ಮಾತ್ರೆಯಿಂದ ಕರಗುತ್ತದೆಯೇ? ಚಕ್ಕೋತ ತಿನ್ನಬಾರದು ಎಂಬುದು ನಿಜವೇ?

ಉತ್ತರ: ನೀವು ಕೇಳಿದ್ದರಲ್ಲಿ ಟ್ಯಾಂಕಿನ ಪ್ರಶ್ನೆಯೇ ಎಲ್ಲಕ್ಕಿಂತ ತೂಕದ್ದು. ಅದು ಬಿಡಿಸಿಕೊಂಡರೆ ಉಳಿದ ಅರ್ಧ ಅನುಮಾನಗಳು ತಾವಾಗಿಯೇ ಸಡಿಲವಾಗುತ್ತವೆ. ಸಂಪಿನಿಂದ ಮೋಟಾರು ಹಾಕಿ ನೀರು ಏರಿಸಿ ಬದುಕುವ ಈ ಊರಿನವರಿಗೆ ಹಾಗೆ ಅನ್ನಿಸುವುದು ಸಹಜವೇ. ಮನೆ ಕಟ್ಟುವಾಗ ಎಷ್ಟು ಅಗಲದ ಪೈಪು ಹಾಕಿದ್ದರೋ ಇಂದಿಗೂ ಅಷ್ಟೇ ಅಗಲ. ಅಗಲ ಬದಲಾಗದ ಪೈಪಿನಲ್ಲಿ ಒತ್ತಡ ಇಳಿದರೆ ಹರಿವೂ ಇಳಿಯಲೇಬೇಕು. ಅಲ್ಲಿಯವರೆಗೆ ನಿಮ್ಮ ಲೆಕ್ಕ ಸರಿ. ಮೈಯೊಳಗಿನ ಪೈಪಿನ ಗೋಡೆಯಲ್ಲಿ ಮಾತ್ರ ಸ್ನಾಯುವಿದೆ. ಅದು ಕ್ಷಣಕ್ಷಣಕ್ಕೂ ಬಿಗಿಯುತ್ತದೆ, ಸಡಿಲಗೊಳ್ಳುತ್ತದೆ. ನೀವು ನುಂಗುವ ಎರಡೂ ಮಾತ್ರೆಗಳು ಆ ಬಿಗಿತವನ್ನು ಸಡಿಲಿಸಿ ಪೈಪಿನ ಬಾಯಿ ಅಗಲ ಮಾಡುತ್ತವೆ. ಒತ್ತಡ ಇಳಿಯುವುದು ಹಾಗೆ. ಹರಿಯುವ ರಕ್ತದ ಮೊತ್ತ ಹೆಚ್ಚೂಕಡಿಮೆ ಮೊದಲಿನಷ್ಟೇ ಇರುತ್ತದೆ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ದೊಡ್ಡ ಅಪಧಮನಿಗಳನ್ನು ದಾಟುವಾಗ ಒತ್ತಡ ಅಷ್ಟಾಗಿ ಕುಸಿಯುವುದಿಲ್ಲ. ಕುಸಿಯುವುದೆಲ್ಲ ಕೊನೆಯ ಕವಲುಗಳಾದ ಕಿರುಧಮನಿಗಳಲ್ಲಿ. ಇವುಗಳ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಇವು ಬಿಗಿದುಕೊಂಡರೆ ಹಿಂದಿನ ದೊಡ್ಡ ನಾಳಗಳಲ್ಲಿ ಒತ್ತಡ ಏರುತ್ತದೆ. ವರ್ಷಗಟ್ಟಲೆ ಬಿಪಿ ಇರುವ ಬಹುಪಾಲು ಜನರ ಹೃದಯ ಬೇರೆಯವರಿಗಿಂತ ಹೆಚ್ಚು ರಕ್ತವನ್ನೇನೂ ಪಂಪು ಮಾಡುತ್ತಿರುವುದಿಲ್ಲ. ಅದೇ 5 ಲೀಟರನ್ನು ಇಕ್ಕಟ್ಟಿನ ದಾರಿಯಲ್ಲಿ ನೂಕಲು ಒದ್ದಾಡುತ್ತಿರುತ್ತದೆ. ನಿಮ್ಮ 168 ತಲೆಗೆ ಹೆಚ್ಚು ರಕ್ತ ಹೋಗುತ್ತಿದ್ದುದರ ಗುರುತಾಗಿರಲಿಲ್ಲ. ‘ಬಿಪಿ ಜಾಸ್ತಿಯಾಗಿ ರಕ್ತ ತಲೆಗೇರಿತು’ ಎನ್ನುವ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಓದಿದವರೂ ಹಾಗೆಯೇ ನಂಬಿರುತ್ತಾರೆ.

ಸ್ವಲ್ಪ ಬಿಗಿತ ಸಡಿಲಿಸಿದರೆ ಅಷ್ಟೊಂದು ವ್ಯತ್ಯಾಸವಾಗುತ್ತದೆಯೇ ಎಂದು ಕೇಳಬಹುದು. ಇದಕ್ಕೆ 1840ರ ಆಸುಪಾಸಿನಲ್ಲೇ ಫ್ರಾನ್ಸಿನ ವೈದ್ಯ ಪ್ವಾಸೆಯ್ ಉತ್ತರ ಕಂಡುಕೊಂಡಿದ್ದ. ಕಿರಿದಾದ ಕೊಳವೆಯಲ್ಲಿ ಹರಿವು ಅದರ ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದು ಅವನ ಲೆಕ್ಕ. ನಾಳ ಕೇವಲ 10 ಶೇಕಡಾ ಅಗಲವಾದರೆ, ಅದೇ ಒತ್ತಡದಲ್ಲಿ 46 ಶೇಕಡಾ ಹೆಚ್ಚು ದ್ರವ ಹರಿಯಬಲ್ಲದು. ಅಗಲ ಅರ್ಧಕ್ಕೆ ಇಳಿದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ರಕ್ತದೊತ್ತಡ ಅಳೆಯಲು ಪಾದರಸದ ಕೊಳವೆಯನ್ನು ಮೊದಲು ಬಳಸಿದವನೂ ಇವನೇ, 1828ರಲ್ಲಿ. ನಿಮ್ಮ 128 ಎಂದರೆ 128 ಮಿಲಿಮೀಟರ್ ಪಾದರಸ. ರಕ್ತ ನೀರಿನಂತೆ ಸರಳ ದ್ರವವಲ್ಲ, ನಾಳವೂ ನೆಟ್ಟಗಿನ ಗಾಜಿನ ಕೊಳವೆಯಲ್ಲ. ಹಾಗಾಗಿ ಈ ಸೂತ್ರ ಮೈಯೊಳಗೆ ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೂ ಕೂದಲೆಳೆಯಷ್ಟು ಸಡಿಲಿಕೆ ಏಕೆ ಸಾಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ.

ಈಗ ನಿಮ್ಮ ಮಾತ್ರೆಗಳ ವಿಷಯ. ನಾಳದ ಸ್ನಾಯು ಬಿಗಿಯಬೇಕಾದರೆ ಅದರ ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಬೇಕು. ಆಮ್ಲೋಡಿಪಿನ್ ಆ ಬಾಗಿಲನ್ನು ಅರೆಮುಚ್ಚುತ್ತದೆ. ಹಾಲಿನ ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧವಿಲ್ಲ, ಮೂಳೆಗೆ ಏನೂ ಆಗುವುದಿಲ್ಲ. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಹಿಡಿಯುತ್ತದೆ. ನಿತ್ಯ ನುಂಗಿದರೂ ಅದರ ಮಟ್ಟ ಒಂದು ಹದಕ್ಕೆ ಬಂದು ನಿಲ್ಲಲು ಒಂದು ವಾರ ಬೇಕು. ‘ನಿನ್ನೆ ಶುರು ಮಾಡಿದೆ, ಇವತ್ತು ಇಳಿದಿಲ್ಲ’ ಎಂದು ಫೋನ್ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಹತ್ತು ದಿನ ಸುಮ್ಮನಿರಿ, ಯಂತ್ರವನ್ನು ಬೀರುವಿನಲ್ಲಿಡಿ.

ಟೆಲ್ಮಿಸಾರ್ಟನ್‌ನ ದಾರಿ ಬೇರೆ. ಮೂತ್ರಪಿಂಡ ಹೊರಬಿಡುವ ರೆನಿನ್‌ನಿಂದ ಶುರುವಾಗುವ ಸರಪಳಿಯ ಕೊನೆಯಲ್ಲಿ ಆಂಜಿಯೋಟೆನ್ಸಿನ್-2 ಎಂಬ ವಸ್ತು ಹುಟ್ಟುತ್ತದೆ. ಅದು ನಾಳವನ್ನು ಹಿಂಡುತ್ತದೆ, ಮೈಯಲ್ಲಿ ಉಪ್ಪು ಉಳಿಸುತ್ತದೆ, ವರ್ಷಗಟ್ಟಲೆ ಕೆಲಸ ಮಾಡಿದರೆ ನಾಳದ ಗೋಡೆಯನ್ನೇ ದಪ್ಪಗೆ, ಗಡುಸಾಗಿ ಮಾಡುತ್ತದೆ. ಅದು ಬಂದು ಕೂರುವ ಜಾಗವನ್ನು ಟೆಲ್ಮಿಸಾರ್ಟನ್ ಮೊದಲೇ ಹಿಡಿದು ಕೂರುತ್ತದೆ. ಇದೇ ಸರಪಳಿಯನ್ನು ಒಂದು ಕೊಂಡಿ ಮೊದಲೇ ಕತ್ತರಿಸುವುದು ಎನಲಾಪ್ರಿಲ್, ರಾಮಿಪ್ರಿಲ್ ಗುಂಪು. ಬ್ರೆಜಿಲ್‌ನ ಮಂಡಲದ ಜಾತಿಯ ಹಾವೊಂದರ ವಿಷದಲ್ಲಿ ಸಿಕ್ಕ ಸುಳಿವಿನಿಂದ ಹುಟ್ಟಿದ ಗುಂಪು ಅದು. ಮೊದಲನೆಯದಾದ ಕ್ಯಾಪ್ಟೊಪ್ರಿಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. ಒಳ್ಳೆಯ ಔಷಧಿಗಳೇ, ಆದರೆ ಕೆಲವರಿಗೆ ಬಿಡದ ಒಣಕೆಮ್ಮು ತರಿಸುತ್ತವೆ, ಏಷ್ಯಾದವರಲ್ಲಿ ಇನ್ನೂ ಹೆಚ್ಚು. ಧೂಳು, ಪರಾಗದಿಂದಲೇ ಕೆಮ್ಮುವ ಬೆಂಗಳೂರಿಗರಿಗೆ ಯಾವ ಕೆಮ್ಮು ಯಾವುದರಿಂದ ಎಂದು ಬಿಡಿಸುವುದೇ ಕಷ್ಟ. ಇಲ್ಲಿ ಸಾರ್ಟನ್‌ಗಳು ಜನಪ್ರಿಯವಾಗಲು ಅದೂ ಒಂದು ಕಾರಣವೆಂದು ನನ್ನ ಎಣಿಕೆ.

ಮಿದುಳಿಗೆ ಬರೋಣ. ದೇಹದ ತೂಕದಲ್ಲಿ ಅದರ ಪಾಲು 2 ಶೇಕಡಾ, ರಕ್ತದಲ್ಲಿ ಪಾಲು ಸುಮಾರು 15 ಶೇಕಡಾ: ನಿಮಿಷಕ್ಕೆ 750 ಮಿಲಿಲೀಟರ್‌ನಷ್ಟು. ಈ ಪಾಲನ್ನು ಅದು ಹೃದಯದ ದಯೆಗೆ ಬಿಟ್ಟಿಲ್ಲ. ಒತ್ತಡ ಇಳಿದರೆ ಮಿದುಳಿನ ನಾಳಗಳು ತಾವಾಗಿಯೇ ಅಗಲವಾಗುತ್ತವೆ, ಏರಿದರೆ ಕಿರಿದಾಗುತ್ತವೆ. ಆರೋಗ್ಯವಂತರಲ್ಲಿ ಸರಾಸರಿ ಒತ್ತಡ ಸುಮಾರು 60ರಿಂದ 150ರ ನಡುವೆ ಎಲ್ಲಿದ್ದರೂ ಮಿದುಳಿನ ಹರಿವು ಹೆಚ್ಚು ಅಲುಗಾಡುವುದಿಲ್ಲ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಸರಾಸರಿ ತೆಗೆಯಲು ಕೆಳಗಿನ ಅಂಕಿಗೆ ಎರಡರ ನಡುವಿನ ಅಂತರದ ಮೂರನೇ ಒಂದು ಭಾಗ ಕೂಡಿಸಬೇಕು. ಬ್ಯಾಂಕಿನಲ್ಲಿದ್ದವರು ನೀವು, ನೀವೇ ಕೂಡಿಸಿ ನೋಡಿ: 168/100 ಇದ್ದಾಗ ನಿಮ್ಮ ಸರಾಸರಿ ಸುಮಾರು 123, ಈಗ ಸುಮಾರು 95. ಎರಡೂ ಆ ಮಿತಿಯೊಳಗೇ ಇವೆ.

ಇಲ್ಲಿ ಒಂದು ತೊಡಕಿದೆ. ವರ್ಷಗಳ ಕಾಲ ಹೆಚ್ಚಿನ ಒತ್ತಡಕ್ಕೆ ಒಗ್ಗಿದ ಮಿದುಳಿನ ನಾಳಗಳಲ್ಲಿ ಈ ಮಿತಿ ಇಡಿಯಾಗಿ ಮೇಲಕ್ಕೆ ಸರಿದಿರುತ್ತದೆ. ಅಂಥವರಿಗೆ ಬೇರೆಯವರಿಗೆ ಸಲೀಸಾದ ಒತ್ತಡವೂ ಮೊದಮೊದಲು ಕಡಿಮೆಯೆನಿಸಿ, ತಲೆ ಹಗುರಾದಂತೆ, ಸುಸ್ತಾದಂತೆ ಆಗುತ್ತದೆ. ಒತ್ತಡ ನಿಧಾನವಾಗಿ ಇಳಿದರೆ ವಾರಗಳಲ್ಲಿ, ತಿಂಗಳುಗಳಲ್ಲಿ ಆ ಮಿತಿಯೂ ಕೆಳಕ್ಕೆ ಮರಳುತ್ತದೆ. ಒಳ್ಳೆಯ ಡಾಕ್ಟರು ಆತುರಪಡದಿರುವುದು ಇದೇ ಕಾರಣಕ್ಕೆ. ಆತುರಪಟ್ಟರೆ ಏನಾಗುತ್ತದೆ ಎಂಬುದಕ್ಕೂ ಇತಿಹಾಸವಿದೆ. ಒಂದು ಕಾಲಕ್ಕೆ ಬಿಪಿ 200 ದಾಟಿದೆ ಎಂದರೆ ನಿಫೆಡಿಪಿನ್ ಕ್ಯಾಪ್ಸೂಲಿಗೆ ಸೂಜಿಯಿಂದ ತೂತು ಮಾಡಿ ನಾಲಿಗೆಯಡಿ ಹಿಂಡುವುದು ಎಲ್ಲ ಕಡೆ ರೂಢಿಯಲ್ಲಿತ್ತು. ಅಂಕಿ ನೋಡನೋಡುತ್ತ ಇಳಿಯುತ್ತಿತ್ತು. ಜೊತೆಗೆ ಕೆಲವರಿಗೆ ಪಾರ್ಶ್ವವಾಯು, ಹೃದಯಾಘಾತ ಆಗುತ್ತಿತ್ತು. 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಜ್ಞರು ಈ ಪದ್ಧತಿ ನಿಲ್ಲಲಿ ಎಂದು ಬರೆದ ಮೇಲೆ ಅದು ಹಿಂದೆ ಸರಿಯಿತು. ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲಿ ‘ಅರ್ಜೆಂಟಿಗೆ ಇರಲಿ’ ಎಂದು ಅಂಥ ಕ್ಯಾಪ್ಸೂಲು ಇಟ್ಟಿದ್ದರೆ ಇವತ್ತೇ ತೆಗೆದು ಬಿಸಾಡಿ. ಎದೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಉಸಿರುಕಟ್ಟುವುದು ಯಾವುದೂ ಇಲ್ಲದೆ ಬರೀ ಅಂಕಿ ಹೆಚ್ಚಾಗಿದ್ದರೆ ಗಂಟೆಯೊಳಗೆ ಇಳಿಸುವ ಅಗತ್ಯವಿಲ್ಲ. ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಓಡಬೇಕು, ಕ್ಯಾಪ್ಸೂಲು ಹುಡುಕುತ್ತ ಕೂರಬಾರದು.

ಇನ್ನೂ ಅನುಮಾನವಿದ್ದರೆ 2015ರಲ್ಲಿ ಪ್ರಕಟವಾದ ಅಮೆರಿಕದ ‘ಸ್ಪ್ರಿಂಟ್’ ಅಧ್ಯಯನ ನೋಡಿ. 50 ದಾಟಿದ 9,361 ಜನರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಮೇಲಿನ ಅಂಕಿಯನ್ನು 140ಕ್ಕಿಂತ, ಇನ್ನೊಂದರಲ್ಲಿ 120ಕ್ಕಿಂತ ಕೆಳಗಿಡಲು ಯತ್ನಿಸಿದರು. ಹೆಚ್ಚು ಇಳಿಸಿದ ಗುಂಪಿನಲ್ಲಿ ಹೃದಯದ ತೊಂದರೆಗಳೂ ಸಾವುಗಳೂ ಗಣನೀಯವಾಗಿ ಕಡಿಮೆಯಾದವು. ಮರೆವಿನ ಮೊದಲ ಹಂತಕ್ಕೆ ಜಾರುವವರ ಸಂಖ್ಯೆಯೂ ಇಳಿಯಿತೆಂದು 2019ರಲ್ಲಿ ತಿಳಿಯಿತು. ಅವರಲ್ಲಿ ಕೆಲವರ ಮಿದುಳನ್ನು ಎಂಆರ್‌ಐಯಲ್ಲಿ ನೋಡಿದಾಗ, ಹೆಚ್ಚು ಇಳಿಸಿದವರಲ್ಲಿ ರಕ್ತದ ಹರಿವು ಕಡಿಮೆಯಾಗಿರಲಿಲ್ಲ. ಒಂದಿಷ್ಟು ಹೆಚ್ಚೇ ಆಗಿತ್ತು. ಆ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರನ್ನೂ ಮೊದಲೇ ಪಾರ್ಶ್ವವಾಯು ಆದವರನ್ನೂ ಸೇರಿಸಿರಲಿಲ್ಲ, ಹಾಗಾಗಿ ಎಲ್ಲರಿಗೂ 120 ಎಂದು ನಾನು ಹೇಳಲಾರೆ. ನಿಮ್ಮ 128/78 ಕಂಡು ಹೆದರುವಂಥದ್ದೇನೂ ಇಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ನಿಮ್ಮ ಟ್ಯಾಂಕಿನ ಲೆಕ್ಕ ನಿಜವಾಗುವ ಸಂದರ್ಭಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಕೊಬ್ಬು, ಸುಣ್ಣ ಗಟ್ಟಿಯಾಗಿ ಕೂತು ದೊಡ್ಡ ನಾಳವೇ ಕಿರಿದಾಗಿದ್ದರೆ ಆ ಜಾಗ ಯಾವ ಮಾತ್ರೆಗೂ ಅಗಲವಾಗುವುದಿಲ್ಲ. ಕತ್ತಿನ ಎರಡೂ ಕಡೆಯ ಅಪಧಮನಿಗಳಲ್ಲಿ ತೀವ್ರ ಬ್ಲಾಕ್ ಇರುವವರಿಗೆ, ಎರಡೂ ಮೂತ್ರಪಿಂಡಗಳ ಅಪಧಮನಿ ಕಿರಿದಾಗಿರುವವರಿಗೆ ಒತ್ತಡ ಇಳಿಸುವಾಗ ತುಂಬ ಹುಷಾರಾಗಿರಬೇಕು. ಎರಡನೆಯವರಿಗಂತೂ ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ಕೊಡುವುದೇ ಇಲ್ಲ. ಹೃದಯದ ಕಥೆ ಇನ್ನೊಂದು ಬಗೆಯದು. ಎಡ ಹೃದಯದ ಸ್ನಾಯು ತನ್ನ ಪಾಲಿನ ರಕ್ತದ ಬಹುಭಾಗವನ್ನು ಪಡೆಯುವುದು ಬಡಿತಗಳ ನಡುವೆ ಸಡಿಲಗೊಂಡಾಗ, ಅಂದರೆ ಕೆಳಗಿನ ಅಂಕಿಯ ಬಲದಲ್ಲಿ. ಹೃದಯದ ನಾಳದಲ್ಲಿ ಬ್ಲಾಕ್ ಇರುವವರ ಕೆಳಗಿನ ಅಂಕಿ 60ಕ್ಕಿಂತ ಇಳಿದರೆ ನಾವು ಇನ್ನಷ್ಟು ಇಳಿಸಲು ಹೋಗುವುದಿಲ್ಲ. ನಿಮ್ಮದು 78.

ಬೆಳಗಿನ ಕಣ್ಣು ಕತ್ತಲು ಏಕೆ? ಮಲಗಿದ್ದವರು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಜಾರುತ್ತದೆ. ಕತ್ತಿನ ಅಪಧಮನಿಯಲ್ಲಿರುವ ಒತ್ತಡ ಗ್ರಾಹಕಗಳು ಇದನ್ನು ಗುರುತಿಸಿ ಕೆಲವೇ ಸೆಕೆಂಡುಗಳಲ್ಲಿ ನಾಳಗಳನ್ನು ಬಿಗಿಸಿ, ಹೃದಯದ ಬಡಿತ ಏರಿಸಿ ಸರಿದೂಗಿಸುತ್ತವೆ. ವಯಸ್ಸಾದಂತೆ ಈ ಪ್ರತಿಕ್ರಿಯೆ ನಿಧಾನವಾಗುತ್ತದೆ. ನಾಳ ಸಡಿಲಿಸುವ ಮಾತ್ರೆ ಅದನ್ನು ಇನ್ನಷ್ಟು ತಡಮಾಡಬಹುದು. ಆದರೆ ನಿಮ್ಮ ವಯಸ್ಸಿನ ಗಂಡಸರಲ್ಲಿ ನಾನು ಮೊದಲು ಕೇಳುವುದು ಬೇರೆ: ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತರಹದ ಮಾತ್ರೆ ನಡೆಯುತ್ತಿದೆಯೇ? ಅದೂ ನಾಳ ಸಡಿಲಿಸುವುದೇ. ಬೇರೆ ಡಾಕ್ಟರು ಬರೆದುಕೊಟ್ಟದ್ದನ್ನು ಬಿಪಿ ಡಾಕ್ಟರ ಮುಂದೆ ಹೇಳದವರು ಬಹಳ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ನರಗಳ ಪ್ರತಿಕ್ರಿಯೆಯೂ ಕುಂದಿರುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಿ. ಐದು ನಿಮಿಷ ಮಲಗಿ ಒಮ್ಮೆ ಅಳೆಯಿರಿ; ಎದ್ದು ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಚೀಟಿ ಹಿಡಿದು ಡಾಕ್ಟರ ಬಳಿ ಹೋಗಿ, ಪ್ರಮಾಣ ಅಥವಾ ಮಾತ್ರೆ ಬದಲಾಯಿಸಬೇಕಾಗಬಹುದು. ಅಲ್ಲಿಯವರೆಗೆ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ಏಳಿ. ರಾತ್ರಿ ಬಚ್ಚಲಿಗೆ ಹೋಗುವಾಗ ದೀಪ ಹಾಕಿಕೊಳ್ಳಿ. ಈ ವಯಸ್ಸಿನಲ್ಲಿ ಬಿಪಿ ಮಾತ್ರೆಯಿಂದ ನಿಜವಾದ ಅಪಾಯವೆಂದರೆ ಬಿದ್ದು ಸೊಂಟ ಮುರಿದುಕೊಳ್ಳುವುದು, ಮಿದುಳು ಒಣಗುವುದಲ್ಲ.

ಪಾದದ ಊತಕ್ಕೆ ಬಹುತೇಕ ಆಮ್ಲೋಡಿಪಿನ್ನೇ ಕಾರಣ, ಅದೂ ಹರಿವು ಹೆಚ್ಚಾದುದರಿಂದ! ಆ ಮಾತ್ರೆ ರಕ್ತ ತರುವ ಕಿರುಧಮನಿಗಳನ್ನು ಅಗಲ ಮಾಡುತ್ತದೆ, ರಕ್ತ ಹಿಂದಕ್ಕೊಯ್ಯುವ ಅಭಿಧಮನಿಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಡುವಿನ ಲೋಮನಾಳಗಳಲ್ಲಿ ಒತ್ತಡ ಏರಿ ನೀರಿನಂಶ ಹೊರಕ್ಕೆ ಜಿನುಗುತ್ತದೆ. ದಿನವಿಡೀ ನಿಂತು ಕೂತು ಮಾಡಿದ ಮೇಲೆ ಗುರುತ್ವ ಅದನ್ನು ಪಾದಕ್ಕಿಳಿಸುತ್ತದೆ. ರಾತ್ರಿ ಮಲಗಿದರೆ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತವಲ್ಲ ಇದು, ಹಾಗಾಗಿ ಮೂತ್ರ ಹೆಚ್ಚಿಸುವ ಮಾತ್ರೆಗೆ ಇದು ಬಗ್ಗುವುದೂ ಇಲ್ಲ. ಆದರೂ ಊತ ಕಂಡ ಕೂಡಲೇ ‘ನೀರಿನ ಮಾತ್ರೆ’ ಕೊಟ್ಟು, ಅದರಿಂದ ಸೋಡಿಯಂ ಇಳಿದು, ಅದಕ್ಕೆ ಇನ್ನೊಂದು ಚಿಕಿತ್ಸೆ ಕೊಡುವ ಸರಮಾಲೆ ನಮ್ಮ ಊರಲ್ಲಿ ಸಾಕಷ್ಟು ನಡೆಯುತ್ತದೆ. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಬರೆಯುವ ಮುನ್ನ ಮೊದಲನೆಯದನ್ನು ಪ್ರಶ್ನಿಸಬೇಕು. ಟೆಲ್ಮಿಸಾರ್ಟನ್ ಅಭಿಧಮನಿಯ ಕಡೆಯನ್ನೂ ಸ್ವಲ್ಪ ಸಡಿಲಿಸುವುದರಿಂದ ಜೊತೆಗಿದ್ದರೆ ಊತ ಕಡಿಮೆ. ನಿಮಗೆ ಅದು ಈಗಾಗಲೇ ಇದೆ. ಆದ್ದರಿಂದ ಆಮ್ಲೋಡಿಪಿನ್ 2.5ಕ್ಕೆ ಇಳಿಸಿ ನೋಡುವುದು, ಅಥವಾ ಅದೇ ಗುಂಪಿನ ಸಿಲ್ನಿಡಿಪಿನ್‌ಗೆ ಬದಲಾಯಿಸುವುದು, ಈ ಎರಡನ್ನು ನಿಮ್ಮ ಡಾಕ್ಟರೊಂದಿಗೆ ಚರ್ಚಿಸಬಹುದು. ಅದಕ್ಕೆ ಮೊದಲು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿಲ್ಲವೆಂದು, ಹೃದಯ, ಲಿವರ್, ಥೈರಾಯ್ಡ್ ಸರಿಯಿವೆಯೆಂದು ಖಾತ್ರಿಪಡಿಸಿಕೊಳ್ಳಬೇಕು. ಒಂದೇ ಕಾಲು ಊದಿ ನೋಯುತ್ತಿದ್ದರೆ, ಅಥವಾ ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಈ ವಿವರಣೆಯೆಲ್ಲ ಬದಿಗಿಟ್ಟು ಅದೇ ದಿನ ತೋರಿಸಿ.

‘ಕಿಡ್ನಿ ಹಾಳು ಮಾಡುತ್ತವೆ’ ಎಂಬ ಮಾತು ತಲೆಕೆಳಗಾದದ್ದು, ಆದರೆ ಅದು ಎಲ್ಲಿಂದ ಹುಟ್ಟಿತೆಂದು ಗೊತ್ತು. ಎರಡೂ ಮೂತ್ರಪಿಂಡ ಸೇರಿ 300 ಗ್ರಾಂ ಆಸುಪಾಸು ತೂಗಿದರೂ ಹೃದಯ ತಳ್ಳುವ ರಕ್ತದ ಐದನೇ ಒಂದು ಭಾಗ ಅಲ್ಲಿಗೇ ಹೋಗುತ್ತದೆ. ಸೋಸುವ ಪ್ರತಿ ಗುಚ್ಛಕ್ಕೂ ಒಳಬರುವ ನಾಳ ಒಂದು, ಹೊರಹೋಗುವ ನಾಳ ಒಂದು. ಟೆಲ್ಮಿಸಾರ್ಟನ್ ಹೊರಹೋಗುವುದನ್ನು ಹೆಚ್ಚು ಸಡಿಲಿಸುತ್ತದೆ. ಗುಚ್ಛದೊಳಗಿನ ಒತ್ತಡ ಇಳಿದು ಸೋಸುವ ವೇಗವೂ ತುಸು ತಗ್ಗುತ್ತದೆ, ಮೂತ್ರಪಿಂಡ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಒಂದಿಷ್ಟು ಏರುತ್ತದೆ. ಲ್ಯಾಬ್ ವರದಿಯಲ್ಲಿ ಆ ಅಂಕಿ ದಪ್ಪಕ್ಷರದಲ್ಲಿ ಬಂದದ್ದೇ ತಡ, ಮಾತ್ರೆ ಕಸದ ಬುಟ್ಟಿಗೆ! ಮೊದಲ ವಾರಗಳಲ್ಲಿ 30 ಶೇಕಡಾದವರೆಗಿನ ಏರಿಕೆಯನ್ನು ನಾವು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತೇವೆ. ಆ ಗುಚ್ಛಗಳನ್ನು ವರ್ಷಗಟ್ಟಲೆ ಜಜ್ಜಿ ಗಾಯ ಮಾಡುವುದು ಹೆಚ್ಚಿನ ಒತ್ತಡವೇ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಡುತ್ತಿದ್ದವರಲ್ಲಿ ಲೋಸಾರ್ಟನ್, ಇರ್ಬೆಸಾರ್ಟನ್ ಆ ಕೆಡುವಿಕೆಯನ್ನು ನಿಧಾನ ಮಾಡುತ್ತವೆಂದು 2001ರಲ್ಲೇ ಸಾಬೀತಾಗಿದೆ. ಎಚ್ಚರ ಬೇಕಾದದ್ದು ಬೇರೆ ಕಡೆ. ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ವಾರಗಟ್ಟಲೆ ನುಂಗಬೇಡಿ. ಅವು ಒಳಬರುವ ನಾಳವನ್ನು ಹಿಂಡುತ್ತವೆ, ಬಿಪಿಯನ್ನೂ ಏರಿಸುತ್ತವೆ. ವಾಂತಿ, ಭೇದಿ ಜೋರಾಗಿ ನೀರಿನಂಶ ಕಳೆದುಕೊಂಡ ದಿನ ಟೆಲ್ಮಿಸಾರ್ಟನ್ ನಿಲ್ಲಿಸಬೇಕೇ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟನ್ ಕೂಡ ಪೊಟ್ಯಾಸಿಯಂ ಉಳಿಸುತ್ತದೆ. ರಕ್ತಪರೀಕ್ಷೆ ಮಾಡಿಸದೆ ಎರಡನ್ನೂ ಬೆರೆಸಬೇಡಿ. ಇನ್ನೊಂದು, ಮನೆಯಲ್ಲಿ ಯಾರಿಗೋ ಬಿಪಿ ಬಂತೆಂದು ನಿಮ್ಮ ಮಾತ್ರೆ ಹಂಚಬೇಡಿ. ಬಸುರಿಯರಿಗೆ ಈ ಗುಂಪು ನಿಷಿದ್ಧ, ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು.

ಬ್ಲಾಕ್ ಕರಗುತ್ತದೆಯೇ? ಇಲ್ಲ. ಬಿಪಿ ಮಾತ್ರೆಗೆ ಆ ಕೆಲಸ ಗೊತ್ತಿಲ್ಲ. ಕೊಲೆಸ್ಟರಾಲ್ ಸೇರಿ ಕಟ್ಟಿದ ಗಡ್ಡೆ ಬೆಳೆಯದಂತೆ, ಒಡೆಯದಂತೆ ನೋಡಿಕೊಳ್ಳುವುದು ಮುಖ್ಯವಾಗಿ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್‌ಗಳ ಪಾಲು. ಸಿಗರೇಟು ಬಿಡುವುದು ನಿಮ್ಮ ಪಾಲು. ಬಿಪಿ ಇಳಿದರೆ ನಾಳದ ಒಳಪದರಕ್ಕೆ ಬೀಳುವ ಪೆಟ್ಟು ಕಡಿಮೆಯಾಗಿ ಹೊಸ ಗಡ್ಡೆ ಹುಟ್ಟುವ ಅವಕಾಶ ತಗ್ಗುತ್ತದೆ. ಇದಕ್ಕಿಂತ ನನಗೆ ಸ್ವಾರಸ್ಯವೆನಿಸುವುದು ಚಿಕ್ಕ ನಾಳಗಳ ವಿಷಯ. ಹೆಚ್ಚಿನ ಒತ್ತಡದಲ್ಲಿ ಅವುಗಳ ಗೋಡೆ ಒಳಮುಖವಾಗಿ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ, ಅದರಿಂದ ಒತ್ತಡ ಇನ್ನೂ ಏರುತ್ತದೆ. ಕೆನಡಾದ ಸಂಶೋಧಕರು ರೋಗಿಗಳ ಪೃಷ್ಠದ ಚರ್ಮದಡಿಯಿಂದ ಅಂಥ ನಾಳಗಳನ್ನು ತೆಗೆದು ಅಳೆದರು. ಒಂದು ವರ್ಷ ಲೋಸಾರ್ಟನ್ ತೆಗೆದುಕೊಂಡವರಲ್ಲಿ ಗೋಡೆಯ ದಪ್ಪ ಮರಳಿ ಸಹಜದತ್ತ ಬಂದಿತ್ತು. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಗುಂಪಿನ ಅಟೆನೊಲಾಲ್ ತೆಗೆದುಕೊಂಡವರಲ್ಲಿ ಬಿಪಿ ಅಷ್ಟೇ ಇಳಿದಿದ್ದರೂ ಗೋಡೆ ಹಾಗೆಯೇ ಇತ್ತು. 2000ದಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದೇ, ಆದರೆ ತೋಳಿನ ಅಂಕಿಯೊಂದೇ ಪೂರ್ತಿ ಕಥೆಯಲ್ಲ ಎಂಬುದನ್ನು ಚೆನ್ನಾಗಿ ತೋರಿಸಿತು. 2006ರ ‘ಕೆಫೆ’ ಅಧ್ಯಯನದಲ್ಲೂ ಹೀಗೆಯೇ ಆಯಿತು: ತೋಳಿನಲ್ಲಿ ಅಳೆದಾಗ ಎರಡೂ ಗುಂಪಿನ ಒತ್ತಡ ಹೆಚ್ಚೂಕಡಿಮೆ ಒಂದೇ, ಆದರೆ ಹೃದಯದ ಬಾಗಿಲಲ್ಲಿರುವ ಮಹಾಧಮನಿಯಲ್ಲಿ ಆಮ್ಲೋಡಿಪಿನ್ ಗುಂಪಿನವರಿಗೆ ಅಟೆನೊಲಾಲ್ ಗುಂಪಿಗಿಂತ ಸುಮಾರು 4 ಅಂಕ ಕಡಿಮೆ. ಬೇರೆ ಕಾರಣವಿಲ್ಲದೆ ಬರೀ ಬಿಪಿಗೆಂದು ಅಟೆನೊಲಾಲ್ ಮೊದಲ ಆಯ್ಕೆಯಾಗಿ ಉಳಿಯದಿರುವುದಕ್ಕೆ ಇಂಥ ತಿಳಿವಳಿಕೆಯೂ ಕಾರಣ. ಹೃದಯಾಘಾತವಾದವರಿಗೆ, ಬಡಿತದ ಏರುಪೇರು ಇರುವವರಿಗೆ ಆ ಗುಂಪು ಇಂದಿಗೂ ಬೇಕು, ಅದನ್ನು ನುಂಗುತ್ತಿರುವವರು ಇದನ್ನೋದಿ ತಟ್ಟನೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಬಡಿತವೂ ಒತ್ತಡವೂ ಹಾರುತ್ತವೆ.

ರಕ್ತ ತೆಳ್ಳಗಾಗುವ ಮಾತು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಬಗ್ಗೆ ಕೇಳಿದ್ದು ನಿಮ್ಮ ಗೆಳೆಯರ ಬಾಯಲ್ಲಿ ಬಿಪಿ ಮಾತ್ರೆಗೆ ಅಂಟಿಕೊಂಡಿದೆ, ಅಷ್ಟೇ.

ಸರ್ಪಗಂಧವನ್ನು ಮಾತ್ರ ನಾನು ನಕ್ಕು ತಳ್ಳಿಹಾಕುವುದಿಲ್ಲ. ಮುಂಬೈಯ ಹೃದ್ರೋಗ ತಜ್ಞ ರುಸ್ತಮ್ ಜಾಲ್ ವಕೀಲ್ ಅದರ ಬೇರಿನ ಮಾತ್ರೆಗಳನ್ನು ಬಿಪಿ ರೋಗಿಗಳಿಗೆ ಕೊಟ್ಟ ಅನುಭವವನ್ನು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ಈ ಗಿಡದತ್ತ ತಿರುಗಿತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. 1950ರ ದಶಕದಲ್ಲಿ ಅದು ಎಲ್ಲೆಡೆ ಬಳಕೆಯಲ್ಲಿದ್ದ ಬಿಪಿ ಔಷಧಿ. ನಾಳಗಳಿಗೆ ‘ಬಿಗಿ’ ಎಂದು ಆಜ್ಞೆ ಕೊಡುವ ನರತುದಿಗಳಲ್ಲಿನ ನಾರ್‌ಅಡ್ರಿನಲಿನ್ ದಾಸ್ತಾನನ್ನು ಅದು ಬರಿದು ಮಾಡುತ್ತದೆ. ಅಂದರೆ ‘ಇಂಗ್ಲಿಷ್ ಮಾತ್ರೆ ಬೇಡ’ ಎಂದು ಅದನ್ನು ಹಿಡಿದವರೂ ಕೊನೆಗೆ ಅದೇ ನಾಳವನ್ನೇ ಸಡಿಲಿಸುತ್ತಿರುತ್ತಾರೆ, ಅದೂ ಮಿದುಳಿನ ರಾಸಾಯನಿಕಗಳನ್ನು ಕಲಕಿ. ಮಂಕು, ಖಿನ್ನತೆ, ಮೂಗು ಕಟ್ಟುವುದು, ಬಡಿತ ನಿಧಾನವಾಗುವುದು ಅದರ ಬೆನ್ನಿಗಿವೆ. ಪುಡಿಯಲ್ಲಿ ಔಷಧಾಂಶ ಎಷ್ಟಿದೆಯೆಂದು ನಿಮಗೆ ತಿಳಿಯುವ ದಾರಿಯಿಲ್ಲ. ಈಗಿನ ಎರಡು ಮಾತ್ರೆಯ ಮೇಲೆ ಅದನ್ನೂ ಸೇರಿಸಿದರೆ ಬೆಳಗಿನ ಕಣ್ಣು ಕತ್ತಲು ಹೆಚ್ಚಾಗುವುದು ಖಂಡಿತ. ನಿಮ್ಮ ಗೆಳೆಯರ ಸಲಹೆಯಲ್ಲಿ ಎಪ್ಪತ್ತು ವರ್ಷ ಹಿಂದಿನ ಸತ್ಯವಿದೆ, ಆಮೇಲೆ ಅದಕ್ಕಿಂತ ಒಳ್ಳೆಯವು ಬಂದಿವೆ.

ಬಿಡುವಂತಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಈ ಮಾತ್ರೆಗಳಿಗೆ ಚಟವಿಲ್ಲ. ನಿಲ್ಲಿಸಿದರೆ ನಾಳ ಹಳೆಯ ಬಿಗಿತಕ್ಕೆ ಮರಳುತ್ತದೆ, ಬೇರೇನಲ್ಲ. ಆಮ್ಲೋಡಿಪಿನ್ ನಿಧಾನವಾಗಿ ಹೋಗುವುದರಿಂದ ಬಿಟ್ಟ ಎರಡು ದಿನ ಅಂಕಿ ಚೆನ್ನಾಗಿಯೇ ಇರುತ್ತದೆ, ಜನ ಮೋಸಹೋಗುವುದು ಅಲ್ಲೇ. ತೂಕ ಒಂದು ಕಿಲೋ ಇಳಿದರೆ ಬಿಪಿ ಸುಮಾರು ಒಂದು ಅಂಕ ಇಳಿಯುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಚಹಾ ಚಮಚದಷ್ಟು. ಗಾಂಧಿ ಬಜಾರಿನ ಉಪ್ಪಿನಕಾಯಿ, ಹಪ್ಪಳ, ಕಾಂಗ್ರೆಸ್ ಕಡಲೆಕಾಯಿ, ದರ್ಶಿನಿಯ ಸಾಂಬಾರು ಸೇರಿದರೆ ಮಧ್ಯಾಹ್ನಕ್ಕೇ ಆ ಲೆಕ್ಕ ಮುಗಿದಿರುತ್ತದೆ. ಇವನ್ನು ಹಿಡಿತದಲ್ಲಿಟ್ಟ ಕೆಲವರಿಗೆ ನಾವು ಒಂದು ಮಾತ್ರೆ ಕಡಿಮೆ ಮಾಡಿದ್ದೂ ಇದೆ. ಏಪ್ರಿಲ್ ಬಿಸಿಲಿಗೆ ಚರ್ಮದ ನಾಳಗಳು ತೆರೆದುಕೊಂಡು ಬಿಪಿ ತುಸು ಇಳಿಯುತ್ತದೆ, ಡಿಸೆಂಬರ್ ಚಳಿಗೆ ಏರುತ್ತದೆ. ಹಾಗಾಗಿ ಒಂದು ದಿನದ ಅಂಕಿ ನೋಡಿ ನೀವೇ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. ಬೆಳಿಗ್ಗೆಯೋ ರಾತ್ರಿಯೋ ಎಂದು ಹಲವರು ಕೇಳುತ್ತಾರೆ. ಬ್ರಿಟನ್ನಿನಲ್ಲಿ 21,104 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದ ಹೊತ್ತೇ ಒಳ್ಳೆಯ ಹೊತ್ತು.

ಕೊನೆಗೆ ಚಕ್ಕೋತ. ಈ ಹೆದರಿಕೆ ಅದರ ನೆಂಟ ದ್ರಾಕ್ಷಿಚಕ್ಕೋತದಿಂದ, ಅಂದರೆ ಗ್ರೇಪ್‌ಫ್ರೂಟ್‌ನಿಂದ ಬಂದದ್ದು. 1989ರಲ್ಲಿ ಕೆನಡಾದಲ್ಲಿ ಫೆಲೋಡಿಪಿನ್ ಎಂಬ ಬಿಪಿ ಔಷಧಿಯ ಮೇಲೆ ಮದ್ಯದ ಪರಿಣಾಮ ನೋಡುತ್ತಿದ್ದವರು ಮದ್ಯದ ರುಚಿ ಮುಚ್ಚಲು ಆ ಹಣ್ಣಿನ ರಸ ಬೆರೆಸಿದ್ದರು. ಔಷಧಿಯ ಮಟ್ಟ ರಕ್ತದಲ್ಲಿ ಲೆಕ್ಕಕ್ಕಿಂತ ಎಷ್ಟೋ ಹೆಚ್ಚಿತು. ಕರುಳಿನಲ್ಲಿ ಔಷಧಿ ಒಡೆಯುವ ಕಿಣ್ವವನ್ನು ರಸ ತಡೆಯುತ್ತಿತ್ತು. ಚಕ್ಕೋತದಲ್ಲೂ ಅಂಥ ಅಂಶಗಳಿವೆ. ಫೆಲೋಡಿಪಿನ್, ನಿಫೆಡಿಪಿನ್, ಕೊಲೆಸ್ಟರಾಲಿನ ಸಿಮ್ವಾಸ್ಟಾಟಿನ್ ನುಂಗುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಆಮ್ಲೋಡಿಪಿನ್ ಮೇಲೆ ಪರಿಣಾಮ ಅತ್ಯಲ್ಪ, ಟೆಲ್ಮಿಸಾರ್ಟನ್ ಆ ಕಿಣ್ವದ ದಾರಿಗೇ ಹೋಗುವುದಿಲ್ಲ. ದೇವನಹಳ್ಳಿ ಕಡೆಯಿಂದ ಒಳ್ಳೆಯ ಹಣ್ಣು ಸಿಕ್ಕರೆ ಊಟದ ನಂತರ ನಾಲ್ಕು ತೊಳೆ ತಿನ್ನಿ. ಮೇಲೆ ಉಪ್ಪು ಖಾರ ಉದುರಿಸಿಕೊಳ್ಳುವ ಅಭ್ಯಾಸವಿದ್ದರೆ ಖಾರ ಇರಲಿ, ಉಪ್ಪು ಬೇಡ.